ತೈಮಿಯಮ್ಮನ ಗಾಳಿಕೊಳವೆ

ಇಪ್ಪತ್ತೆರಡು ವಯಸ್ಸಾಗುವವರೆಗೂ ನಾನು ನಂಬಿಕೊಂಡಿದ್ದ ಸಂಗತಿಗಳಲ್ಲಿ ಅತಿ ಪೆದ್ದುತನದ್ದು ಯಾವುದೆಂದರೆ, ಮನೆಗಳ ಮಾಡಿನಿಂದ ಮೇಲಕ್ಕೆ ಇಣುಕುವ ಮೋಟು ಕೊಳವೆಗಳೆಲ್ಲ ಸೌನಾದವು ಎಂಬುದು. ಅರ್ಧ ವರ್ಷ ಹಿಮ ಹೊದ್ದಿರುವ ನಮ್ಮೂರಿನಲ್ಲಿ ಸೌನಾ ಇಲ್ಲದ ಮನೆಯಿಲ್ಲ. ಶನಿವಾರ ಸಂಜೆ ನೆಲಮಾಳಿಗೆಯಲ್ಲಿ ಒಲೆ ಹೊತ್ತಿಸಿ, ಕಲ್ಲು ಕಾಯಿಸಿ, ಕಲ್ಲಿನ ಮೇಲೆ ನೀರೆರಚಿ, ಆ ಹಬೆಯಲ್ಲಿ ಬೆವರಿ ಮೈ ತೊಳೆದರೇನೇ ವಾರ ಮುಗಿದ ಹಾಗೆ. ಜನವರಿಯ ಶನಿವಾರಗಳಲ್ಲಿ ಬೀದಿಯ ತುದಿಗೆ ನಿಂತರೆ ಸಾಲು ಮಾಡುಗಳ ಮೇಲಿನ ಮೋಟು ಕೊಳವೆಗಳಿಂದೆಲ್ಲ ಬಿಳಿ ಹಬೆ ಏಳುತ್ತಿತ್ತು. ಶನಿವಾರ, ಹಬೆ, ಕೊಳವೆ. ಇನ್ನೇನು ಸಾಕ್ಷಿ ಬೇಕು? ಪಾದ್ರಿಗಳ ಮನೆಯ ಮೇಲೆ ಮೂರು ಕೊಳವೆಗಳಿದ್ದವು. ದೇವರ ಕೆಲಸದವರಿಗೆ ಮೂರು ಸೌನಾ ಬೇಕಾಗುತ್ತದೇನೋ ಎಂದುಕೊಂಡು ನಾನು ಅವರನ್ನು ಕಂಡಾಗಲೆಲ್ಲ ಟೋಪಿ ತೆಗೆಯುತ್ತಿದ್ದೆ.

ಈ ನಂಬಿಕೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ತೈಮಿ ಪೆಲ್ಟೊಲಾ ಅವರ ಅಡಿಗೆಮನೆಯಲ್ಲಿ. ನಾನು ಅವರ ಮಹಡಿಯ ಬಾಡಿಗೆದಾರ; ಹಗಲು ಪ್ಯಾಸ್ಟಿ ಎಂಬ ಮಾಂಸದ ಕಡುಬು ಮಾಡುವ ಅಂಗಡಿಯಲ್ಲಿ ಕೆಲಸ. ಅವರು ಮುಂಬಲ್ಲಿನ ನಡುವೆ ಸಕ್ಕರೆ ಗಟ್ಟಿ ಕಚ್ಚಿಕೊಂಡು, ಸಾಸರಿನಿಂದ ಕಾಫಿ ಹೀರುತ್ತಿದ್ದವರು, ಸಾಸರನ್ನು ಕೆಳಗಿಟ್ಟರು.

"ಅದು ಬಚ್ಚಲ ಗಾಳಿಕೊಳವೆ ಕಣೋ, ಪೆದ್ದು ಮುಂಡೇದೆ. ಇಷ್ಟು ದಿನ ನಿನ್ನ ಕೈಲಿ ಪ್ಯಾಸ್ಟಿ ಮಾಡಿಸ್ತಾ ಇದಾರಲ್ಲ, ಆ ಅಂಗಡಿಯವರಿಗೆ ಏನು ಹೇಳ್ಬೇಕು!"

"ಬಚ್ಚಲಿಗೆ ಗಾಳಿ ಯಾಕೆ ತೈಮಿಯಮ್ಮ?"

"ನೀರು ಇಳಿಯೋ ಕೊಳವೆ ಉಸಿರಾಡ್ಬೇಕಂತೆ. ಉಸಿರಾಡೋಕೆ! ನೀರಿಗೇನು ಮೂಗಿದ್ಯಾ? ಎಲ್ಲ ಸರ್ಕಾರದೋರ ಬೂಟಾಟಿಕೆ."

ಅಂದರೆ ನನಗೆ ಕೊಳವೆ ಯಾತಕ್ಕೆಂದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು, ನಂಬಿಕೆ ಇರಲಿಲ್ಲ. ಇಂಥ ಇಬ್ಬರು ಸೇರಿಕೊಂಡು ಹಳೆಯ ಮನೆಯೊಂದಕ್ಕೆ ಹೊಸ ಬಚ್ಚಲು ಕಟ್ಟಲು ಹೊರಟೆವು.

ತೈಮಿಯ ಬಗ್ಗೆ ಹೇಳಬೇಕು. ಊರಿನ ಶಾಲೆಯ ಅಡಿಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವರು. ಐವತ್ತರೊಳಗಿನ ಯಾವ ಗಂಡಸೇ ಆಗಲಿ, ಹೆಂಗಸೇ ಆಗಲಿ, ತಟ್ಟೆ ಹಿಡಿದು ಅವರೆದುರು ಸಾಲಿನಲ್ಲಿ ನಿಂತವರೇ. ಹಾಗಾಗಿ ಅವರ ಕಣ್ಣಿಗೆ ಊರಿನಲ್ಲಿ ದೊಡ್ಡವರೇ ಇಲ್ಲ. ಬ್ಯಾಂಕಿನ ಮ್ಯಾನೇಜರನ್ನು "ಹಾಲು ಚೆಲ್ಲೋನು" ಎಂದು ಗುರುತಿಸುತ್ತಿದ್ದರು; ಚರ್ಚಿನ ಆರ್ಗನ್ ನುಡಿಸುವಾಕೆಯನ್ನು "ಎರಡು ಸಲ ಬಡಿಸ್ಕೊಳ್ಳೋಳು" ಎಂದು. ಗಂಡ ರೈನೊ ಮರದ ಲಾರಿ ಓಡಿಸುತ್ತಿದ್ದವರು, ತೀರಿಕೊಂಡು ಹತ್ತು ಹನ್ನೊಂದು ವರ್ಷವಾಗಿರಬೇಕು. ಮಕ್ಕಳಿಲ್ಲ. ಎಪ್ಪತ್ತು ದಾಟಿದ್ದರೂ ಹಿಮ ತಾವೇ ಎತ್ತುತ್ತಿದ್ದರು, ಸೌದೆ ತಾವೇ ಸೀಳುತ್ತಿದ್ದರು. ಯಾರಾದರೂ "ಸಹಾಯ ಮಾಡ್ಲಾ?" ಎಂದು ಕೇಳಿದರೆ, ಬೈದವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಮನೆ ತಾಮ್ರದ ಗಣಿ ಕಂಪನಿ ತನ್ನ ಕೂಲಿಗಳಿಗೆಂದು ಕಟ್ಟಿಸಿದ್ದು. ಗಣಿ ಮುಚ್ಚಿತು, ಮನೆ ಉಳಿಯಿತು. ಕಟ್ಟಿದಾಗ ಅದರಲ್ಲಿ ಬಚ್ಚಲೂ ಇರಲಿಲ್ಲ, ಕಕ್ಕಸೂ ಇರಲಿಲ್ಲ. ಆಮೇಲೆ ಯಾರಿಗೋ ಜ್ಞಾನೋದಯವಾಗಿ, ನೆಲಮಾಳಿಗೆಯಲ್ಲಿ ಸೌನಾದ ಪಕ್ಕಕ್ಕೆ, ಗೋಡೆ ಬಾಗಿಲು ಏನೂ ಇಲ್ಲದೆ ಬಟಾಬಯಲಲ್ಲಿ ಒಂದು ಕಮೋಡು ಕೂರಿಸಿದರು. ಅದರ ಮೇಲೆ ಕೂತವನಿಗೆ ಎದುರಿಗೆ ಕಾಣುವುದು ಸೌದೆ ರಾಶಿ ಮತ್ತು ಆಲೂಗಡ್ಡೆ ಮೂಟೆ. ಇನ್ನೂ ಎಷ್ಟೋ ವರ್ಷಕ್ಕೆ ಮಹಡಿಯ ಹಿಂಭಾಗದಲ್ಲಿ ಸರಿಯಾದ ಬಚ್ಚಲೊಂದು ಬಂತು. ತೈಮಿ ಇದ್ದದ್ದು ಇವೆರಡರ ನಡುವಿನ ಅಂತಸ್ತಿನಲ್ಲಿ. ಅಲ್ಲಿ ಏನೂ ಇಲ್ಲ. ಅವಸರವಾದಾಗ ಮೇಲಕ್ಕೋ ಕೆಳಕ್ಕೋ ಎಂಬುದನ್ನು ಅವರ ಮಂಡಿ ತೀರ್ಮಾನಿಸುತ್ತಿತ್ತು. ಹಾಗೇ ಬದುಕು ಸಾಗಿಸಿದ್ದರು, ಮುಂದೆಯೂ ಸಾಗಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ಆ ಫೋನು ಬಾರದಿದ್ದರೆ.

ಫೋನು ಮಾಡಿದ್ದು ಆಸ್ಪತ್ರೆಯ ಹೆಂಗಸು. ತೈಮಿಯ ತಮ್ಮ ಉರ್ಹೋ ಸೇಬಿನ ಮರದಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಸರೋವರದ ದಡದಲ್ಲಿ ಒಂಟಿ ಗುಡಿಸಲಿನಲ್ಲಿರುವವನು; ಅಲ್ಲಿ ಕಕ್ಕಸು ಅಂಗಳದ ಆಚೆ, ಮರಗಳ ನಡುವೆ. ಇನ್ನು ಅಷ್ಟು ದೂರ ಹಿಮದಲ್ಲಿ ನಡೆಯುವ ಮಾತಿಲ್ಲ. ಮೆಟ್ಟಿಲು ಹತ್ತುವ ಮಾತೂ ಇಲ್ಲ. ಆಸ್ಪತ್ರೆಯವರ ಲೆಕ್ಕ ಸರಳ: ಮೆಟ್ಟಿಲಿಲ್ಲದೆ ಬಚ್ಚಲು ಸಿಗುವ, ನೆಂಟರ ಮನೆ ಇದ್ದರೆ ಅಕ್ಟೋಬರ್ ಕೊನೆಗೆ ಅಲ್ಲಿಗೆ ಕಳಿಸುತ್ತಾರೆ, ಇಲ್ಲದಿದ್ದರೆ ರಾಜ್ಯದ ಕೆಳತುದಿಯಲ್ಲಿ, ದೊಡ್ಡ ಸೇತುವೆ ದಾಟಿ ಒಂದು ಹಗಲಿಡೀ ಹೋಗಬೇಕಾದ ಕಡೆ, ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಖಾಲಿಯಿದೆ. ಅಲ್ಲಿಗೆ ಹೋದ ನಮ್ಮೂರಿನವರು ಯಾರೂ ತಿರುಗಿ ಬಂದದ್ದಿಲ್ಲ.

ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವೆಂದು ಊರಿಗೆಲ್ಲ ಗೊತ್ತು. ರೈನೊ ಅವರನ್ನು ಮಣ್ಣು ಮಾಡಿದ ದಿನ ಜಿಂಕೆ ಬೇಟೆಯ ಮೊದಲ ದಿನವಾಗಿತ್ತು. ನಮ್ಮಲ್ಲಿ ಅಂದು ಶಾಲೆಗೂ ರಜೆ, ಊರಿಗೆ ಊರೇ ಕಾಡಿನಲ್ಲಿ. ಉರ್ಹೋ ಕೂಡ ಬಂದೂಕು ಹಿಡಿದು ಕಾಡಿಗೇ ಹೋಗಿದ್ದ. ಸಂಜೆ ಜಿಂಕೆಯ ಒಂದು ತೊಡೆ ತಂದು ಅಕ್ಕನ ಬಾಗಿಲಲ್ಲಿಟ್ಟು ಹೋದನಂತೆ. ತೈಮಿ ಅದನ್ನು ಪಕ್ಕದ ಮನೆಯ ನಾಯಿಗೆ ಹಾಕಿದರಂತೆ. ಅಲ್ಲಿಗೆ ಮುಗಿಯಿತು.

ಅಂದು ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ತೈಮಿ ಆಡಿದ್ದು ಎರಡೇ ಮಾತು: "ಉಗ್ರಾಣ ಇದೆ." ಫೋನು ಇಟ್ಟರು.

ಹೊರಗಿನ ಕೊಳಾಯಿಗಾರ ಬೇಡ, ಮನೆಯೊಡತಿಯೇ ಕೆಲಸ ಮಾಡಬಹುದೆಂದು ಕಾನೂನಿದೆ ಎಂದು ಅವರು ಪರವಾನಗಿ ತಂದರು. ಆ ಕಾನೂನು ಬರೆದವರು ತೈಮಿಯನ್ನು ನೋಡಿರಲಿಕ್ಕಿಲ್ಲ. ಇನ್ನು ಬಚ್ಚಲಾಗಬೇಕಿದ್ದ, ಅಡಿಗೆಮನೆಗೆ ಅಂಟಿಕೊಂಡ ಉಗ್ರಾಣದಿಂದ ಹಿಟ್ಟಿನ ಡಬ್ಬಗಳು, ಉಪ್ಪಿನಲ್ಲಿಟ್ಟ ಮೀನಿನ ಜಾಡಿಗಳೆಲ್ಲ ಹೊರಬಿದ್ದು ನನ್ನ ಮೆಟ್ಟಿಲ ಮೇಲೆ ಸಾಲಾಗಿ ಕೂತವು. ಪ್ರತಿದಿನ ಅವುಗಳ ನಡುವೆ ಕಾಲಿಟ್ಟುಕೊಂಡು ನಾನು ಕೆಲಸಕ್ಕೆ ಹೋಗಿ, ಹಗಲೆಲ್ಲ ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿಗಳ ಅಂಚು ಮಡಿಸಿ ಮಡಿಸಿ ಬೆರಳು ಮರಗಟ್ಟಿದ ಮೇಲೆ ಮನೆಗೆ ಬಂದು ಕೊಳವೆ ಹಿಡಿದು ನಿಲ್ಲುತ್ತಿದ್ದೆ. ಇದಕ್ಕೆ ನನ್ನನ್ನು ಯಾರೂ ಕೇಳಿರಲಿಲ್ಲ. ಮೊದಲ ದಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತೈಮಿ ಕೊಳವೆಯ ಒಂದು ತುದಿಯನ್ನು ನನ್ನ ಕೈಗೆ ಒತ್ತಿದರು. ಅಲ್ಲಿಂದ ನನಗೆ ನೌಕರಿ ಖಾಯಂ ಆಯಿತು.

ನೀರು ಬರುವ ಕೊಳವೆ, ನೀರು ಹೋಗುವ ಕೊಳವೆ ಎರಡನ್ನೂ ಅವರು ಚೆನ್ನಾಗಿಯೇ ಹಾಕಿದರು. ಇಳಿಜಾರು ಸರಿಯಾಗಿತ್ತು, ಬೆಸುಗೆ ಬಿಗಿಯಾಗಿತ್ತು. ಸಿಕ್ಕಿಬಿದ್ದದ್ದು ಗಾಳಿಕೊಳವೆಯಲ್ಲಿ. ಅದನ್ನು ಎಲ್ಲಿಂದ ಎಲ್ಲಿಗೆ ಒಯ್ಯುವುದು? ಉಗ್ರಾಣ ಮನೆಯ ಉತ್ತರದ ಮೂಲೆ; ಮಹಡಿಯ ಬಚ್ಚಲಿನ ಹಳೆಯ ಕೊಳವೆ ದಕ್ಷಿಣದ ಮೂಲೆ. ಮಧ್ಯೆ ಇಡೀ ಮನೆ.

ಪರೀಕ್ಷಿಸಿ ಒಪ್ಪಿಗೆ ಕೊಡಬೇಕಾದ ಅಧಿಕಾರಿ ಕ್ಲೈವ್ ಪೆನ್‌ಹೇಲ್. ನಲವತ್ತೈದರ ಆಸುಪಾಸು, ಬೋಳು ತಲೆ, ಕಿವಿಯ ಹಿಂದೆ ಪೆನ್ಸಿಲು. ಊರಿನ ಗುತ್ತಿಗೆದಾರರೆಲ್ಲ ಹೆದರುವ ಆಸಾಮಿ. ಅವರು ಮೊದಲ ಸಲ ಬಂದಾಗ ತೈಮಿ ಬಾಗಿಲಲ್ಲೇ ತಡೆದು ನೋಡಿದರು.

"ಬಟಾಣಿ ತಿನ್ನದೆ ಜೇಬಿಗೆ ತುಂಬಿಸ್ಕೋತಿದ್ದೋನು ನೀನೇ ಅಲ್ವೇನೋ?"

"ಹೌದು ತೈಮಿಯಮ್ಮ," ಎಂದರು ಪೆನ್‌ಹೇಲ್, ಟೋಪಿ ತೆಗೆದು.

"ಬಾ ಒಳಗೆ. ಈ ಕೊಳವೆನ ಹೀಗೇ ಅಡ್ಡಕ್ಕೆ ಗೋಡೆಯಿಂದ ಹೊರಗೆ ಬಿಡ್ತೀನಿ. ಮಾಡಿಗೆ ತೂತು ಹೊಡೆಯೋ ರಗಳೆ ಇಲ್ಲ."

"ಆಗಲ್ಲ. ಕೊಳವೆ ಬಾಯಿ ನಿಮ್ಮ ಅಡಿಗೆಮನೆ ಕಿಟಕಿ ಕೆಳಗೇ ಬರುತ್ತೆ. ಬೇಸಿಗೇಲಿ ನಾತ. ಚಳಿಗಾಲದಲ್ಲಿ ಹಿಮದಲ್ಲಿ ಹೂತೇ ಹೋಗುತ್ತೆ."

"ಹೂತ್ರೆ ಎಲ್ಡನ್ ತೋಡ್ತಾನೆ."

ಎಲ್ಡನ್ ಎಂದರೆ ನಾನು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

ಎರಡನೆಯ ಸಲ ಬಂದಾಗ ತೈಮಿಯದು ಬೇರೆ ಯೋಜನೆ. ಹಳೆಯ ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು: ಅಡಿಗೆಮನೆಯ ಚಾವಣಿಯೊಳಗಿಂದ ಹಾಯ್ದು ಹೋಗಿ ಮಹಡಿಯ ಬಚ್ಚಲಿನ ಕೊಳವೆಗೆ ಸೇರಿಸುವುದು. ಪೆನ್‌ಹೇಲ್ ಗೆರೆಯ ಜೊತೆಗೇ ನಡೆದು, ಕೊನೆಯಲ್ಲಿ ನಿಂತು ತಲೆಯಾಡಿಸಿದರು.

"ನೀವು ಸೇರಿಸೋ ಜಾಗ ಮೇಲಿನ ಬಚ್ಚಲ ತೊಟ್ಟಿಗಿಂತ ಕೆಳಗಿದೆ. ಮೇಲೆ ಕಟ್ಟಿಕೊಂಡ ದಿನ ಆ ಕೊಳೆನೀರು ಇದರೊಳಗೆ ನುಗ್ಗುತ್ತೆ. ಗಾಳಿಕೊಳವೇಲಿ ಗಾಳಿ ಮಾತ್ರ ಇರ್ಬೇಕು. ಅಷ್ಟೂ ಅಲ್ದೆ ಇಷ್ಟು ತೊಲೆ ಕೊರೆದ್ರೆ ಎಲ್ಡನ್ ಮಂಚದ ಸಮೇತ ನಿಮ್ಮ ಕಾಫಿ ಲೋಟಕ್ಕೆ ಬೀಳ್ತಾನೆ."

"ಹಾಗಾದ್ರೆ ಕೊಳವೇನೇ ಬೇಡ. ನೋಡು, ಪಾತ್ರೆ ತೊಳೆಯೋ ಈ ಅಡಿಗೆಮನೆ ತೊಟ್ಟಿಗೆ ಅಂಥದ್ದೇನಿಲ್ಲ. ನಮ್ಮಮ್ಮನ ಕಾಲದಿಂದ ನೀರು ಇಳೀತಾ ಇದೆ."

ನಲ್ಲಿ ತಿರುಗಿಸಿದರು. ನೀರು ಇಳಿಯಿತು, ಕೊನೆಗೆ ತೊಟ್ಟಿಯ ಕೊರಳು ಗುಳುಕ್ ಗುಳುಕ್ ಎಂದು ಬಿಕ್ಕಳಿಸಿತು.

"ಕೇಳಿಸ್ತಾ? ಗಾಳಿ ಸಿಗದೆ ಎಳೀತಾ ಇದೆ. ತೊಟ್ಟಿ ಕೆಳಗೆ ಆ ಬಾಗಿದ ಕೊಳವೇಲಿ ಸ್ವಲ್ಪ ನೀರು ನಿಂತಿರುತ್ತಲ್ಲ, ಚರಂಡಿ ನಾತ ಒಳಗೆ ಬರ್ದಂಗೆ ತಡೆಯೋದು ಅದೇ. ಕಮೋಡಿನ ನೀರು ಒಮ್ಮೆಗೇ ಧುಮುಕಿದ್ರೆ ಇದನ್ನೂ ಎಳ್ಕೊಂಡು ಹೋಗುತ್ತೆ. ಆಮೇಲೆ ಮನೆಯೆಲ್ಲ ಚರಂಡಿ." ಪೆನ್‌ಹೇಲ್ ಮೇಜಿನ ಮೇಲಿದ್ದ ತಗಡಿನ ಹಾಲಿನ ಡಬ್ಬಿ ಎತ್ತಿದರು. "ಇದಕ್ಕೆ ಎರಡು ತೂತು ಯಾಕೆ ಹೊಡೆದಿದೀರಿ?"

"ಒಂದೇ ಹೊಡೆದ್ರೆ ಹಾಲು ಬರಲ್ಲ."

"ಅಷ್ಟೇ. ಇದೂ ಅದೇ."

ಮೂವತ್ತು ವರ್ಷ ಹಾಲಿನ ಡಬ್ಬಿಗಳಿಗೆ ತೂತು ಹೊಡೆದ ಕೈ ಆ ಡಬ್ಬಿಯನ್ನು ಇಸಕೊಂಡು ತಿರುಗಿಸಿ ನೋಡಿತು. ಗೆದ್ದರು ಪೆನ್‌ಹೇಲ್ ಎಂದುಕೊಂಡೆ.

"ಹಾಲು ಬೇರೆ," ಎಂದರು ತೈಮಿ.

ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಕ್ಟೋಬರ್ ಆಗಲೇ ಕಾಲಿಟ್ಟಿತ್ತು. ಹಿಮ ಒಮ್ಮೆ ಕೂತಿತೆಂದರೆ ಏಪ್ರಿಲ್‌ವರೆಗೆ ಮಾಡಿನ ಮೇಲೆ ಯಾರೂ ಹತ್ತುವಂತಿಲ್ಲ. ಆಸ್ಪತ್ರೆಯ ಹೆಂಗಸು ಎರಡು ದಿನಕ್ಕೊಮ್ಮೆ ಫೋನು ಮಾಡಿ, "ಆಯ್ತಾ ಮೇಡಂ? ಆ ಹಾಸಿಗೆಯವ್ರು ಉತ್ತರ ಕೇಳ್ತಿದಾರೆ" ಎನ್ನುತ್ತಿದ್ದಳು. ತೈಮಿ ಪ್ರತಿ ಸಲವೂ "ಆಗ್ತಾ ಇದೆ" ಎಂದು ಫೋನು ಇಟ್ಟು, ಗೋಡೆಯ ಮೇಲೆ ಮತ್ತೊಂದು ಗೆರೆ ಎಳೆಯುತ್ತಿದ್ದರು. ಕೊನೆಕೊನೆಗೆ ಆ ಗೋಡೆ, ದಾರಿ ತಪ್ಪಿದ ಇರುವೆಗಳು ಓಡಾಡಿದ ಹಾಗೆ ಕಾಣುತ್ತಿತ್ತು.

ಒಂದು ಗುರುವಾರ ನಾನು ಕೆಲಸದಿಂದ ಬಂದಾಗ ತೈಮಿ ನೆಲಮಾಳಿಗೆಯಲ್ಲಿ, ಸೌನಾದ ಚಿಮಣಿಯ ಬುಡದಲ್ಲಿ ಮಂಡಿಯೂರಿದ್ದರು. ಪಕ್ಕದಲ್ಲಿ ಎಲ್ಲಿಂದಲೋ ತಂದ ಹಳೆಯ ಕಬ್ಬಿಣದ ಕೊಳವೆ. ಮುಖದಲ್ಲಿ ಎಂದೂ ಕಾಣದ ಕಳೆ.

"ಎಲ್ಡನ್, ನಮ್ಮ ತಲೆಗೆ ಏನಾಗಿತ್ತೋ! ಮಾಡಿಗೆ ತೂತು ಆಗ್ಲೇ ಇದೆ. ಚಿಮಣಿ! ಒಲೆ ಹೊತ್ತಿಸ್ದಾಗೆಲ್ಲ ಬಿಸಿಯಾಗುತ್ತೆ, ಅದರ ಬಾಯಲ್ಲಿ ಮಂಜು ಕಟ್ಟೋ ಮಾತೇ ಇಲ್ಲ. ಗಾಳಿಕೊಳವೆ ತಂದು ಇದಕ್ಕೆ ಸೇರಿಸಿಬಿಟ್ರೆ ಮುಗೀತು. ಹೊಗೆನೂ ಗಾಳಿ, ಅದೂ ಗಾಳಿ."

"ಪೆನ್‌ಹೇಲ್ ಒಪ್ಪಿದ್ರಾ?"

"ಅವನಿಗೆ ಬಟಾಣಿ ತಿನ್ನೋಕೆ ಹೇಳ್ಕೊಟ್ಟಿದ್ದು ನಾನು. ಹಿಡಿ ಈ ತುದಿ."

ಹಿಡಿದೆ. ಸೌನಾದವರ ಊರಿನಲ್ಲಿ ಹುಟ್ಟಿದವನಿಗೆ, ನಿಜ ಹೇಳುತ್ತೇನೆ, ಅದು ಅದ್ಭುತ ಉಪಾಯವೆನಿಸಿತು.

ಶನಿವಾರ ಬಂತು. ನಮ್ಮ ಪದ್ಧತಿಯಂತೆ ಮೊದಲು ತೈಮಿ ಸೌನಾ ಮುಗಿಸಿ ಮೇಲೆ ಹೋದರು. ಆಮೇಲೆ ನನ್ನ ಸರದಿ. ಕೋಣೆ ಚೆನ್ನಾಗಿ ಕಾದ ಮೇಲೆ ಬಿಸಿ ಉಳಿಯಲೆಂದು ಚಿಮಣಿಯೊಳಗೆ ಹೊಗೆಯ ದಾರಿ ತಡೆಯುವ ತಟ್ಟೆಯನ್ನು ಅರ್ಧ ಮುಚ್ಚುವುದು ಅವರ ಅಭ್ಯಾಸ. ಅಂದೂ ಮುಚ್ಚಿದ್ದರು. ನಾನು ಒಲೆಗೆ ಎರಡು ಹಸಿ ಸೌದೆ ಹಾಕಿ, ಕಲ್ಲಿಗೆ ನೀರೆರಚಿ, ಮೇಲಿನ ಹಲಗೆಯ ಮೇಲೆ ಕೂತು ಕಣ್ಣು ಮುಚ್ಚಿದೆ. ಎಂಥ ಸುಖ! ಆ ಹೊತ್ತಿನಲ್ಲಿ, ಮೇಲೆ ಹೋಗಲು ದಾರಿ ಸಾಲದ ಹೊಗೆ ನಾವು ಮಾಡಿಕೊಟ್ಟ ಹೊಸ ದಾರಿಯನ್ನು ಕಂಡುಹಿಡಿದಿತ್ತು. ಗಾಳಿಕೊಳವೆಗೆ ನುಗ್ಗಿ, ಉಗ್ರಾಣದಲ್ಲಿ ಇನ್ನೂ ಕಮೋಡು ಕೂರಿಸದೆ ಬರೀ ಚಿಂದಿ ತುರುಕಿದ್ದ ತೂತಿನಿಂದ ಬುಸಬುಸನೆ ಎದ್ದು, ಅಡಿಗೆಮನೆ ತುಂಬಿ, ಕಿಟಕಿಯಿಂದ ಹೊರಟಿತು. ಎದುರುಮನೆಯವರು ಅಗ್ನಿಶಾಮಕಕ್ಕೆ ಫೋನು ಮಾಡಿದರು.

ನಮ್ಮೂರಿನ ಅಗ್ನಿಶಾಮಕ ದಳವೆಂದರೆ ಕರೆ ಬಂದಾಗ ಕೆಲಸ ಬಿಟ್ಟು ಓಡಿಬರುವ ಅಕ್ಕಪಕ್ಕದವರೇ. ನಾನು ಸೊಂಟಕ್ಕೆ ಒಂದು ಟವೆಲು ಸುತ್ತಿ, ಕೆಂಪಗೆ ಬೆಂದ ಮೈಯಲ್ಲಿ ಹಬೆಯಾಡುತ್ತ ಅಂಗಳದಲ್ಲಿ ನಿಂತಾಗ ನನ್ನೆದುರಿಗಿದ್ದವರೆಲ್ಲ ನನ್ನ ಗಿರಾಕಿಗಳು.

"ಎಲ್ಡನ್," ಎಂದ ಒಬ್ಬ, ನೀರಿನ ಕೊಳವೆ ಎಳೆಯುತ್ತ, "ಸೋಮವಾರಕ್ಕೆ ನಾಲ್ಕು ಪ್ಯಾಸ್ಟಿ ಎತ್ತಿಡು. ಈರುಳ್ಳಿ ಬೇಡ."

"ಇವನೂ ಚೆನ್ನಾಗಿ ಬೆಂದಿದಾನಲ್ಲೋ," ಎಂದ ಇನ್ನೊಬ್ಬ.

ಹೊಗೆಯೊಳಗಿಂದ ತೈಮಿಯ ದನಿ ಬಂತು: "ಬೂಟು ಒರೆಸ್ಕೊಂಡು ಒಳಗೆ ಬನ್ರೋ! ನೆಲ ಒರೆಸಿದೀನಿ!"

ಎಲ್ಲರೂ ಸಾಲಾಗಿ ನಿಂತು ಬೂಟು ಒರೆಸಿಕೊಂಡರು. ನಿಜವಾದ ಬೆಂಕಿ ಬಿದ್ದಿದ್ದರೂ ಒರೆಸಿಕೊಳ್ಳುತ್ತಿದ್ದರು.

ಸೋಮವಾರ ಪೆನ್‌ಹೇಲ್ ಬಂದರು. ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಮಸಿ ಹಿಡಿದ ಉಗ್ರಾಣದ ನಡುವೆ ನಿಂತು, ಚಾವಣಿಯನ್ನು ನೋಡಿ, ಬೆರಳಿನ ಗೆಣ್ಣಿನಿಂದ ಟಕಟಕ ಬಡಿದರು.

"ಇದರ ಮೇಲೆ ಏನಿದೆ ತೈಮಿಯಮ್ಮ?"

ತೈಮಿ ಒಲೆಯ ಮೇಲಿನ ಕಾಫಿಯನ್ನು ನೋಡಿದರು. ಅದು ಉಕ್ಕುತ್ತಿರಲಿಲ್ಲ.

"ಕೋಣೆ."

"ಯಾರ ಕೋಣೆ?"

"ಬಾಡಿಗೆಗೆ ಕೊಟ್ಟಿದೀನಿ."

ಪೆನ್‌ಹೇಲ್ ನನ್ನ ಕಡೆ ತಿರುಗಿ ಕತ್ತಿನಲ್ಲೇ ಸನ್ನೆ ಮಾಡಿದರು. ಮೀನಿನ ಜಾಡಿಗಳನ್ನು ದಾಟಿಕೊಂಡು ಇಬ್ಬರೂ ಮೇಲೆ ಹೋದೆವು. ಉಗ್ರಾಣದ ನೆತ್ತಿಯ ಮೇಲೆ ಸರಿಯಾಗಿ ನನ್ನ ಕೋಣೆಯ ಮೂಲೆ. ಆ ಮೂಲೆಯಲ್ಲಿ ನನ್ನ ಬಟ್ಟೆಯ ಬೀರು. ಬೀರುವಿನ ಮೇಲೆ ಅಟ್ಟ. ಅಟ್ಟದ ಮೇಲೆ ಮಾಡು. ದಾರ ಇಳಿಬಿಟ್ಟಷ್ಟು ನೇರ. ಒಂದು ತೊಲೆಯನ್ನೂ ಮುಟ್ಟಬೇಕಾಗಿರಲಿಲ್ಲ. ಬೀರುವನ್ನು ಎರಡು ಮೊಳ ಸರಿಸಿದರೆ ಆಯಿತು.

ನಾನು ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಒಂದು ಮೀನಿನ ಜಾಡಿ ಮಾತ್ರ ಉರುಳಿತು.

"ತೈಮಿಯಮ್ಮ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನಾನು ಹುಟ್ಟಿದ್ದೇ ಆ ಕೋಣೇಲಿ."

"ಹೇಳ್ಬಾರ್ದಿತ್ತಾ!"

"ಏನಂತ ಹೇಳ್ಲಿ? ಬಾಡಿಗೆ ಕೊಟ್ಟು ಇರೋನ ತಲೆ ಪಕ್ಕದಲ್ಲಿ ಕಕ್ಕಸಿನ ಕೊಳವೆ ಹಾಯಿಸ್ಲಾ ಅಂತಲಾ? ಹಾಗೆಲ್ಲ ಕೇಳೋಳಲ್ಲ ನಾನು."

"ಕೇಳಿದ್ರೆ ಹ್ಞೂಂ ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ. ಹ್ಞೂಂ ಅಂದುಬಿಡ್ತಿದ್ದೆ ನೀನು."

ಪೆನ್‌ಹೇಲ್ ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡರು. ಒಂದು ಮಾತು. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಕೇಳಬಹುದಾದ ಒಂದೇ ಒಂದು ಮಾತನ್ನು ಆಡಬೇಕಾದೀತೆಂದು ಈಕೆ ಗೋಡೆಯೆಲ್ಲ ಗೀಚಿ, ಅಡಿಗೆಮನೆಗೆ ಹೊಗೆ ಹಾಕಿ, ನನ್ನನ್ನು ಟವೆಲಿನಲ್ಲಿ ಊರಿಗೆ ಮೆರವಣಿಗೆ ಮಾಡಿಸಿದ್ದರು. ಆ ಕಡೆ ತಮ್ಮನನ್ನು ಸೇತುವೆ ದಾಟಿಸಲು ಗಾಡಿ ಕಾಯುತ್ತಿತ್ತು.

"ಹಾಯಿಸಿ," ಎಂದೆ ಹಲ್ಲು ಕಚ್ಚಿ. "ನಾಳೇನೇ ಹಾಯಿಸಿ."

"ಬಾಡಿಗೆ ಕಡಿಮೆ ಮಾಡಲ್ಲ."

"ನಾನು ಕೇಳ್ಲಿಲ್ವಲ್ಲ!"

"ಸರಿ ಹಾಗಾದ್ರೆ," ಎಂದು ಅವರು ಕಾಫಿ ಬಗ್ಗಿಸಿದರು.

ಚಿಮಣಿಗೆ ಸೇರಿಸಿದ್ದನ್ನು ಕಿತ್ತು ಹಾಕಿ, ತೂತನ್ನು ಇಟ್ಟಿಗೆ ಗಾರೆಯಿಂದ ಮುಚ್ಚಿದೆವು. ಗೋಡೆಯ ಮೂಲೆಯಲ್ಲಿ ಕೊಳವೆ ಮೇಲೇರಿತು, ನನ್ನ ದಿಂಬಿನಿಂದ ಒಂದು ತೋಳಿನಷ್ಟು ದೂರದಲ್ಲಿ. ಅಟ್ಟದಲ್ಲಿ ಅದನ್ನು ಸ್ವಲ್ಪ ಓರೆ ಮಾಡಿ ಮಾಡಿನ ನೆತ್ತಿಯ ಕಡೆಗೆ ಒಯ್ಯಬೇಕೆಂದು ಪೆನ್‌ಹೇಲ್ ಹೇಳಿದರು: ಕೆಳಗೆ ಅಂಚಿನ ಹತ್ತಿರ ಬಿಟ್ಟರೆ ತಗಡಿನ ಮೇಲಿಂದ ಜಾರುವ ಹಿಮ ಕೊಳವೆಯನ್ನು ಮುರಿದುಕೊಂಡೇ ಹೋಗುತ್ತದೆ. ಮಾಡಿನ ಕೆಳಗೇ ಅದನ್ನು ದಪ್ಪ ಕೊಳವೆಗೆ ಸೇರಿಸಬೇಕು. ಸಣ್ಣ ಬಾಯಾದರೆ ಒಳಗಿನಿಂದ ಬರುವ ಹಬೆಯೇ ಜನವರಿಯಲ್ಲಿ ಹೆಪ್ಪುಗಟ್ಟಿ ಉಸಿರು ಕಟ್ಟಿಸುತ್ತದೆ. ಈ ಸಲ ತೈಮಿ ಒಂ‍ದಕ್ಕೂ ವಾದಿಸಲಿಲ್ಲ. ಮಾಡಿನ ಮೇಲೆ ಹತ್ತಬೇಕಾಗಿ ಬಂದಾಗ ಮಾತ್ರ ಏಣಿಗೆ ಕೈಹಾಕಿದರು. ನಾನು ಅವರನ್ನು ಸರಿಸಿ ಹತ್ತಿದೆ. ಧೈರ್ಯದಿಂದಲ್ಲ, ಸಿಟ್ಟಿನಿಂದ. ಮೇಲೆ ಹೋದ ಮೇಲೆ ಸಿಟ್ಟು ಇಳಿದು, ನಾನೊಬ್ಬನೇ ಉಳಿದೆ. ಸರೋವರದ ಕಡೆಯಿಂದ ಮೋಡ ಕಪ್ಪಾಗಿ ಬರುತ್ತಿತ್ತು. ನೆತ್ತಿಯನ್ನು ಎರಡೂ ಕಾಲಿನಿಂದ ಅವಚಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ತೂತು ಕೊರೆದೆ.

"ಕುದುರೆ ಸವಾರಿ ಸಾಕು, ಕೊಳವೆ ಸುತ್ತ ತಗಡು ಹೊಡಿ!" ಎಂದು ಕೆಳಗಿನಿಂದ ಕೂಗು ಬಂತು.

ಕೆಲಸ ಮುಗಿದಾಗ ತೋಳಿನ ಮೇಲೆ ಮೊದಲ ಹಿಮದ ಹರಳುಗಳು ಬಿದ್ದವು.

ಉರ್ಹೋನನ್ನು ಕಳಿಸುವ ಹಿಂದಿನ ದಿನ ಕೊನೆಯ ಪರೀಕ್ಷೆ. ಕೆಳಗಿನ ಬಾಯಿ ಬಿಗಿದು, ಮೇಲಿನಿಂದ ಕೊಳವೆ ತುಂಬ ನೀರು ತುಂಬಿಸಿ, ಎಲ್ಲಾದರೂ ತೊಟ್ಟಿಕ್ಕುತ್ತದೆಯೇ ಎಂದು ಕಾಯುವುದು. ತೈಮಿ ಹಾಕಿದ ಕೀಲುಗಳೆಲ್ಲ ಒಣಗಿಯೇ ಉಳಿದವು. ನನ್ನ ಕೋಣೆಯಲ್ಲಿ ನಾನು ಹಾಕಿದ ಒಂದೇ ಒಂದು ಕೀಲು ನನ್ನ ಒಗೆದ ಅಂಗಿಗಳ ಮೇಲೆ ಟಪ್ ಟಪ್ ಎನ್ನತೊಡಗಿತು.

"ಪ್ಯಾಸ್ಟಿ ಅಂಚು ಹೀಗೇ ಮಡಿಸ್ತೀಯಾ?" ಎಂದರು ತೈಮಿ.

ಪೆನ್‌ಹೇಲ್ ಗಡಿಯಾರ ನೋಡಿಕೊಂಡರು. ಅವರ ಕಚೇರಿ ಮುಚ್ಚುವ ಹೊತ್ತು. ಇವತ್ತು ಸಹಿಯಾಗದಿದ್ದರೆ ನಾಳೆ ಬೆಳಿಗ್ಗೆ ಆಸ್ಪತ್ರೆಯ ಹೆಂಗಸು ಇನ್ನೊಂದು ಕಡೆ ಸಹಿ ಮಾಡುತ್ತಾಳೆ. ಸೋರಿದರೆ ಸೋರಲಿ, ಆಮೇಲೆ ಸರಿ ಮಾಡುತ್ತೇವೆ ಎಂದು ಹೇಳೋಣವೆಂದು ನಾನು ಬಾಯಿ ತೆರೆದೆ; ಪೆನ್‌ಹೇಲ್ ಮುಖ ನೋಡಿ ಮುಚ್ಚಿದೆ. ತೈಮಿ ಕೆಳಗಿನ ಬಾಯಿ ಬಿಚ್ಚಿ ನೀರಿಳಿಸಿದರು. ಕೀಲನ್ನು ಕತ್ತರಿಸಿ ತೆಗೆದು ಹೊಸದು ಹಾಕಿದರು. ಅದರ ಅಂಟು ಆರುವವರೆಗೆ ಪೆನ್‌ಹೇಲ್ ನನ್ನ ಮಂಚದ ತುದಿಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದರು. ಯಾರೂ ಕೇಳಿರಲಿಲ್ಲ. ಮತ್ತೆ ನೀರು ತುಂಬಿಸಿದೆವು. ನಿಂತಿತು. ಹನಿಯಿಲ್ಲ. ಅವರು ಸಹಿ ಹಾಕಿ, ತೈಮಿ ಕಾಗದದಲ್ಲಿ ಸುತ್ತಿಕೊಟ್ಟ ಏಲಕ್ಕಿ ರೊಟ್ಟಿಯನ್ನು ಬೇಡವೆನ್ನಲು ಧೈರ್ಯ ಸಾಲದೆ ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ರಾತ್ರಿಯೆಲ್ಲ ನಾವಿಬ್ಬರೂ ಕಮೋಡು, ತೊಟ್ಟಿ ಕೂರಿಸಿದೆವು. ಮರುದಿನ ಮಧ್ಯಾಹ್ನ ಆಸ್ಪತ್ರೆಯ ಗಾಡಿ ಬಂತು. ಉರ್ಹೋ ನಾನೆಣಿಸಿದ್ದಕ್ಕಿಂತ ಕುಳ್ಳ. ನಡೆಯುವ ಚೌಕಟ್ಟನ್ನು ಹಿಡಿದುಕೊಂಡು ಒಳಗೆ ಬಂದು ಉಗ್ರಾಣದ ಬಾಗಿಲಲ್ಲಿ ನಿಂತ.

"ಅಮ್ಮ ಇಲ್ಲಿ ಹಿಟ್ಟಿಡ್ತಿದ್ಲು," ಎಂದ.

"ಈಗ ನಿನ್ನನ್ನ ಇಟ್ಟಿದೀನಿ," ಎಂದರು ತೈಮಿ. "ಕೂತ್ಕೋ. ಕಾಫಿ ಆರುತ್ತೆ."

ಅಷ್ಟು ವರ್ಷದ ಮೇಲೆ ಅಕ್ಕ ತಮ್ಮ ಆಡಿದ ಮಾತು ಅಷ್ಟೇ. ಆಮೇಲೆ ಇಬ್ಬರೂ ಎದುರುಬದುರು ಕೂತು, ಇಬ್ಬರೂ ಸಕ್ಕರೆ ಗಟ್ಟಿ ಕಚ್ಚಿಕೊಂಡು, ಇಬ್ಬರೂ ಸಾಸರಿನಿಂದ ಕಾಫಿ ಹೀರಿದರು. ಒಬ್ಬರು ಕಿಟಕಿಯ ಕಡೆ, ಇನ್ನೊಬ್ಬರು ಒಲೆಯ ಕಡೆ. ನಡುವೆ ಕೂತ ನನಗೆ ಕುತ್ತಿಗೆ ನೋಯತೊಡಗಿತು. ಸ್ವಲ್ಪ ಹೊತ್ತಿಗೆ ಉರ್ಹೋ ಎದ್ದು, ಚೌಕಟ್ಟನ್ನು ಟಕ್ ಟಕ್ ಎಂದು ಮುಂದಿಡುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತೈಮಿ ಸಾಸರನ್ನು ಬಾಯಿಯ ಹತ್ತಿರವೇ ಹಿಡಿದು ಕಾದರು. ನೀರು ಧುಮುಕಿದ ಸದ್ದು ಬಂತು. ಅವರ ಕಣ್ಣು ಅಡಿಗೆಮನೆಯ ತೊಟ್ಟಿಯ ಮೇಲಿತ್ತು. ತೊಟ್ಟಿ ಗುಳುಕ್ ಎನ್ನಲಿಲ್ಲ. ನಾತವೂ ಬರಲಿಲ್ಲ.

ಅಲ್ಲಿ ಸುಮ್ಮನಿದ್ದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಎರಡು ತಿಂಗಳಿಂದ ನನ್ನೊಳಗೂ ಗಾಳಿ ಕಟ್ಟಿಕೊಂಡಿತ್ತು.

"ತೈಮಿಯಮ್ಮ, ಒಂದು ಕೇಳ್ತೀನಿ. ನಿಮಗೆ ನಿಮ್ಮ ತಮ್ಮ ಅಂದ್ರೆ ನಿಜವಾಗ್ಲೂ ಇಷ್ಟಾನಾ?"

ಉಗ್ರಾಣದ ಬಾಗಿಲು ತೆಳ್ಳನೆಯ ಹಲಗೆ. ಅವರು ದನಿ ತಗ್ಗಿಸುವ ಗೋಜಿಗೇ ಹೋಗಲಿಲ್ಲ.

"ಇಲ್ಲ. ಚಿಕ್ಕೋನಿದ್ದಾಗ್ಲೂ ಇರ್ಲಿಲ್ಲ. ಅಷ್ಟಕ್ಕೇ ಅವನು ಉಚ್ಚೆ ಹೊಯ್ಯೋಕೆ ಸೇತುವೆ ದಾಟ್ಬೇಕೇನೋ?"